ನೆಲನೆಲ್ಲಿಯ ಬೆನ್ನು ಹತ್ತಿದವರು

ನಂಜನಗೂಡು, ಟಿ. ನರಸೀಪುರದ ಕಡೆ ನಮ್ಮ ಬಾಲ್ಯದಲ್ಲಿ ಕಣ್ಣು ಹಳದಿಯಾದರೆ ಯಾರೂ ಆಸ್ಪತ್ರೆಯ ಮಾತೆತ್ತುತ್ತಿರಲಿಲ್ಲ. ಗದ್ದೆಯ ಬದುವಿನಿಂದ ನೆಲನೆಲ್ಲಿಯನ್ನು ಬೇರುಸಮೇತ ಕಿತ್ತು, ಮಣ್ಣು ತೊಳೆದು, ಒರಳಿನಲ್ಲಿ ನುಣ್ಣಗೆ ಅರೆದು, ಅಡಿಕೆ ಗಾತ್ರದ ಉಂಡೆಯನ್ನು ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕುಡಿಸುತ್ತಿದ್ದರು. ಎಣ್ಣೆ, ಖಾರ, ಮಾಂಸ ಬಿಡಬೇಕು. ಕೆಲವರು ಮಣಿಕಟ್ಟಿಗೆ ಬರೆಯನ್ನೂ ಹಾಕಿಸಿಕೊಳ್ಳುತ್ತಿದ್ದರು. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದ ಊರು ನಂಜನಗೂಡು. ಇಲ್ಲಿನ ದೇವರಿಗೇ ಹಕೀಂ ನಂಜುಂಡ ಎಂಬ ಹೆಸರುಂಟು. ಗಿಡಮೂಲಿಕೆಯ ಮೇಲಿನ ನಂಬಿಕೆ ಇಲ್ಲಿ ಆಳವಾದದ್ದು.

ಕೆಲವು ವಾರಗಳಲ್ಲಿ ಹೆಚ್ಚಿನವರ ಕಣ್ಣು ತಿಳಿಯಾಗುತ್ತಿತ್ತು. ಕೆಟ್ಟ ನೀರಿನಿಂದ ಬರುವ ಯಕೃತ್ತಿನ ಸೋಂಕುಗಳಾದ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಗರ್ಭಿಣಿಯರಿಗೆ ಇ ತಗುಲಿದರೆ ಮಾತ್ರ ಜೀವಕ್ಕೇ ಕುತ್ತು. ಶರೀರ ಮಾಡಿಕೊಂಡ ಕೆಲಸದ ಹೆಸರು ಬೇರಿಗೆ ಬರುತ್ತಿತ್ತು.

ನನ್ನ ದೊಡ್ಡಪ್ಪನದು ಬೇರೆ ಕತೆ. ಅವರಿಗೆ ಕಾಮಾಲೆ ಕಾಣಿಸಿದ್ದೇ ಕೊನೆಯಲ್ಲಿ. ಅದಕ್ಕೂ ಮೊದಲು ಕೈಕಾಲು ಸಣ್ಣಗಾಗಿ, ಹೊಟ್ಟೆ ಬಿಗಿದು ಹೊಳೆಯುತ್ತಿತ್ತು. ಪಂಚೆ ಹೊಕ್ಕುಳ ಮೇಲೆ ನಿಲ್ಲುತ್ತಿರಲಿಲ್ಲ. ಹೆಂಡ ಮುಟ್ಟಿದವರಲ್ಲ. “ಯಾರೋ ಮದ್ದಿಕ್ಕವ್ರೆ ಕಣವ್ವ” ಎಂದರು ಅಕ್ಕಪಕ್ಕದವರು. ದೊಡ್ಡಮ್ಮ ಮದ್ದು ತೆಗೆಸಲು ಊರೂರು ಅಲೆದರು. ದೊಡ್ಡಪ್ಪ ಉಳಿಯಲಿಲ್ಲ. ಬಹಳ ವರ್ಷಗಳ ಮೇಲೆ ಅವರ ಮಗ ರಕ್ತದಾನ ಮಾಡಲು ಹೋದಾಗ ಹೆಪಟೈಟಿಸ್ ಬಿ ಇದೆ ಎಂದು ತಿಳಿಯಿತು. ದೊಡ್ಡಪ್ಪನ ಹೊಟ್ಟೆಗೂ ಅದೇ ಕಾರಣವಿತ್ತೆಂದು ನಾನು ನಂಬಿದ್ದೇನೆ; ಸಾಬೀತು ಮಾಡಲು ಈಗ ದಾರಿಯಿಲ್ಲ.

ಆ ವೈರಸ್ಸಿನ ಜಾಡು ಹಿಡಿದವರು ಅಮೆರಿಕದ ಬರೂಕ್ ಬ್ಲೂಂಬರ್ಗ್. ಅವರು ಹುಡುಕುತ್ತಿದ್ದುದು ಕಾಮಾಲೆಯನ್ನಲ್ಲ, ಜನಾಂಗದಿಂದ ಜನಾಂಗಕ್ಕೆ ರಕ್ತ ಹೇಗೆ ಬೇರೆಯಾಗುತ್ತದೆ ಎಂಬುದನ್ನು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ವಿಚಿತ್ರ ಪ್ರೋಟೀನನ್ನು 1965ರಲ್ಲಿ ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊದಿಕೆ ಎಂದು ಆಮೇಲೆ ಗೊತ್ತಾಯಿತು. 1976ರಲ್ಲಿ ನೊಬೆಲ್ ಬಂತು. 1986ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದಿದ್ದರು.

ಇಂಥ ದೊಡ್ಡ ವಿಜ್ಞಾನಿ ನಮ್ಮ ಬದುವಿನ ಗಿಡವನ್ನು ತಾತ್ಸಾರ ಮಾಡಲಿಲ್ಲ ಎಂಬುದು ನನಗೆ ಬಲು ಮುಖ್ಯ. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲೂಂಬರ್ಗ್ ಜೊತೆ ಸೇರಿ ನೆಲನೆಲ್ಲಿಯನ್ನು ಹೆಪಟೈಟಿಸ್ ಬಿ ವಾಹಕರ ಮೇಲೆ ಪರೀಕ್ಷಿಸಿ, 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಮೂವತ್ತು ದಿನ ಪುಡಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಔಷಧವಲ್ಲದ ಪುಡಿ ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಎಷ್ಟು ಆಸೆ ಹುಟ್ಟಿಸುವ ಲೆಕ್ಕ! ಆದರೆ ಥಾಯ್ಲೆಂಡಿನಲ್ಲಿ, ಮುಂಬೈಯಲ್ಲಿ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಅವರ ತಂಡ 2011ರಲ್ಲಿ ಇದೇ ಗಿಡವನ್ನು ಹೆಪಟೈಟಿಸ್ ಸಿ ವಿರುದ್ಧ ನೋಡಿತು. ಬೇರಿನ ಸಾರ ವೈರಸ್ಸಿನ ಒಂದು ಕಿಣ್ವವನ್ನು, ಎಲೆಯ ಸಾರ ಇನ್ನೊಂದನ್ನು ತಡೆಯಿತು. ಆದರೆ ಅದು ಪ್ರಯೋಗಶಾಲೆಯ ಮಾತು. ಅಲ್ಲಿಂದ ರೋಗಿಯ ಹೊಟ್ಟೆಯವರೆಗೆ ದಾರಿ ದೂರ.

ಸಿ ವೈರಸ್ಸಿಗೆ ಈಗ ಬೇರೆ ಮಾತ್ರೆಗಳಿವೆ. ಸಾಮಾನ್ಯವಾಗಿ ಹನ್ನೆರಡು ವಾರದಲ್ಲಿ ಬಹುತೇಕರಿಗೆ ಗುಣ. ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ಹತೋಟಿಯಲ್ಲಿಡಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಹುಟ್ಟಿದ ಮಗುವಿಗೆ ಇಪ್ಪತ್ನಾಲ್ಕು ಗಂಟೆಯೊಳಗೆ ಬಿ ವಿರುದ್ಧ ಲಸಿಕೆ ಹಾಕುತ್ತಾರೆ. ತಾಯಿಯಿಂದ ಮಗುವಿಗೆ ದಾಟುವ ದಾರಿಯನ್ನು ಅದು ಬಹುಮಟ್ಟಿಗೆ ಕಟ್ಟುತ್ತದೆ.

ಕಾಮಾಲೆಗೆ ಬೇರು ಕೊಡುವವರು ನಮ್ಮ ಕಡೆ ಇನ್ನೂ ಇದ್ದಾರೆ, ಜನ ಹೋಗುತ್ತಲೂ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ದೊಡ್ಡಪ್ಪನ ಮಗ ಅಂಥವರೊಬ್ಬರ ಮನೆಗೇ ಹೋಗಿ, ಬಂದವರಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಲು ಹೇಳಿ ಎಂದು ಕೇಳಿಕೊಂಡ. ತನ್ನ ಚೀಟಿಯನ್ನೂ ತೋರಿಸಿದ. ಅವರು ಒಪ್ಪಿದ್ದಾರೆ.