ಪೆಟ್ಟಿಗೆ ಮತ್ತು ಮೊಣಕಾಲು

ರೋಮ್, ಫ್ಲಾರೆನ್ಸ್, ವೆನಿಸ್: ಮೂರು ಊರು, ಮೂವರು ನಾವು, ನಾಲ್ಕು ಪೆಟ್ಟಿಗೆ. ಇಟಲಿಯ ರೈಲುದಾರಿಯನ್ನು ಕಾಗದದ ಮೇಲೆ ಗೀಚುವಾಗ ನನ್ನಷ್ಟು ಸುಖಿ ಮತ್ತೊಬ್ಬನಿರಲಿಲ್ಲ. ವೇಗದ ರೈಲು ರೋಮಿನಿಂದ ಫ್ಲಾರೆನ್ಸಿಗೆ ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ, ನಿಜ. ಪೆಟ್ಟಿಗೆ ಹತ್ತಿಸಿ ಇಳಿಸುವವರು ಮಾತ್ರ ನಾವೇ. ವೆನಿಸ್ಸಿನಲ್ಲಂತೂ ಸಾಂತಾ ಲೂಚಿಯಾ ನಿಲ್ದಾಣದ ಎದುರಿಗೇ ಕಾಲುವೆ. ಸೇತುವೆಗಳು 400ಕ್ಕೂ ಮಿಕ್ಕು, ಬಹುತೇಕ ಮೆಟ್ಟಿಲಿನವು.

“ದೊಡ್ಡ ನಿಲ್ದಾಣಗಳಲ್ಲಿ ಹಣ ಕೊಟ್ಟು ಪೆಟ್ಟಿಗೆ ಇರಿಸಬಹುದಮ್ಮ,” ಎಂದೆ.

“ಪೆಟ್ಟಿಗೆ ಇರಿಸುತ್ತೀಯಪ್ಪ, ನನ್ನ ಮೊಣಕಾಲನ್ನು ಎಲ್ಲಿ ಇರಿಸುತ್ತೀ?” ಎಂದು ಅಮ್ಮ ನಕ್ಕರು. ಆದರೆ ಪ್ರವಾಸದ ಆಸೆಯನ್ನು ಆಗಲೇ ಬಿಟ್ಟುಕೊಟ್ಟ ನಗೆಯದು.

ಆ ರಾತ್ರಿಯೇ ವೆನಿಸ್ಸಿನ ಬಿಡಾರವನ್ನು ಹೊಡೆದುಹಾಕಿ ಮೆಸ್ತ್ರೆ ಎಂದು ಬರೆದೆ. ಅಲ್ಲಿಂದ ರೈಲಿನಲ್ಲಿ ಸುಮಾರು 10 ನಿಮಿಷ. ಬರಿಗೈಯಲ್ಲಿ ಇಳಿದು ದೋಣಿ ಹತ್ತಿದರಾಯಿತು. ಪೆಟ್ಟಿಗೆಗಳು ಎರಡಕ್ಕಿಳಿದವು. ನನ್ನ ಪುಸ್ತಕಗಳೆಲ್ಲ ಹೊರಬಿದ್ದವು. ಅಮ್ಮನ ಅವಲಕ್ಕಿಯ ಡಬ್ಬಿ ಇದ್ದಲ್ಲಿಯೇ ಇದೆ.