ಒಂದು ಚೊಂಬು ನೀರು

ನಗರದ ಮನೆಗಳಲ್ಲಿ ಎರಡು ಬಚ್ಚಲು. ಒಂದು ನಾವು ಮೀಯುವುದಕ್ಕೆ, ಇನ್ನೊಂದು ಬಾರದ ನೆಂಟರಿಗೆ. ನಾರುವುದು ಯಾವಾಗಲೂ ಆ ಎರಡನೆಯದೇ. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದು ಬೀಗ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ ನಮಗಿಂತ ಮೊದಲೇ ಬಂದು ಕೂತಿರುತ್ತದೆ. ಫಿನಾಯಿಲ್ ಸುರಿದದ್ದಾಯಿತು, ಜಾಲರಿಯ ಮೇಲೆ ನುಸಿಗುಳಿಗೆ ಇಟ್ಟದ್ದಾಯಿತು. ಒಂದು ವಾಸನೆ ಇದ್ದಲ್ಲಿ ಮೂರಾದವು.

ಅಜ್ಜಿಯ ಮನೆಯ ಬಚ್ಚಲಿಗೆ ಈ ಕಾಯಿಲೆ ಗೊತ್ತೇ ಇರಲಿಲ್ಲ. ಹಂಡೆಯೊಲೆಯ ಹೊಗೆ, ಸೀಗೆಪುಡಿಯ ಘಮ, ಮೂಲೆಯಲ್ಲಿ ಬೂದಿ. ಮಿಂದ ನೀರು ಗೋಡೆಯ ಕಿಂಡಿಯಿಂದ ಹೊರಬಿದ್ದು ಬಾಳೆಬುಡಕ್ಕೆ, ಅಲ್ಲಿಂದ ಕೆಸುವಿನ ಮಡಿಗೆ. ವಾಸನೆ ಏನಿದ್ದರೂ ಬಾಳೆಗೆ ಬಿಟ್ಟದ್ದು. ಆ ಕಿಂಡಿಯಿಂದ ಒಳಗೆ ಬರುತ್ತಿದ್ದುದು ಕಪ್ಪೆ. ಒಮ್ಮೊಮ್ಮೆ, ಮೈಗೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದಾಗಲೇ, ಕೇರೆಹಾವು.

ಅಪಾರ್ಟ್‌ಮೆಂಟಿನ ಬಚ್ಚಲಿಗೆ ಅಂಥ ಹಿತ್ತಲಿಲ್ಲ. ಮೇಲಿನವರ, ಕೆಳಗಿನವರ ಕೊಳೆಯೆಲ್ಲ ಕೂಡುವ ಪೈಪಿಗೂ ನಮ್ಮ ಮೂಗಿಗೂ ನಡುವೆ ಇರುವುದು ಪ್ಲಂಬರುಗಳು ನಹಾನಿ ಟ್ರ್ಯಾಪ್ ಎನ್ನುವ ಒಂದು ಬಟ್ಟಲು, ಅದರಲ್ಲಿ ಸುಮಾರು 50 ಮಿಲಿಮೀಟರ್ ನೀರು. ಬಾಗಿಲೂ ಅದೇ, ಚಿಲಕವೂ ಅದೇ. ದಿನವೂ ಮಿಂದರೆ ನೀರು ತಾನಾಗಿ ತುಂಬಿಕೊಳ್ಳುತ್ತದೆ. ಯಾರೂ ಮೀಯದಿದ್ದರೆ ಆರಿಹೋಗುತ್ತದೆ, ಚರಂಡಿಯ ಗಾಳಿ ನೆಟ್ಟಗೆ ಒಳಗೆ ಬರುತ್ತದೆ.

ಈ ನೀರಿನ ಚಿಲಕವನ್ನು ಕಾಗದದ ಮೇಲೆ ನೋಂದಾಯಿಸಿದವನು ಗಡಿಯಾರ ಮಾಡುವವನು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕಮ್ಮಿಂಗ್, ಲಂಡನ್ನಿನಲ್ಲಿ ದೊರೆಗೂ ಗಡಿಯಾರ ಮಾಡಿಕೊಟ್ಟವನು, 1775ರಲ್ಲಿ ಪಾಯಿಖಾನೆಗೆ ಪೇಟೆಂಟ್ ಪಡೆದ. ಅದರ ಪೈಪನ್ನು ಬಗ್ಗಿಸಿ ಬಾಗಿನಲ್ಲಿ ಸದಾ ನೀರು ನಿಲ್ಲುವಂತೆ ಮಾಡಿದ. ಮುಳ್ಳು ಚಕ್ರಗಳ ನಡುವೆ ಬದುಕಿದವನಿಗೆ ಅಲುಗಾಡುವ ಒಂದು ಭಾಗವೂ ಇಲ್ಲದ ಈ ಬಾಗು ಹೊಳೆದದ್ದು ನನಗೆ ಇಂದಿಗೂ ಸೋಜಿಗ. ಲಂಡನ್ ಮಾತ್ರ ಬೇಗ ಪಾಠ ಕಲಿಯಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿದಾಗ ಪಾರ್ಲಿಮೆಂಟಿನವರು ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿಸಿದರು. ನಮ್ಮ ಫಿನಾಯಿಲಿನ ಅಣ್ಣ.

ಬರೀ ವಾಸನೆಯಾಗಿದ್ದರೆ ಮೂಗು ಮುಚ್ಚಿಕೊಂಡು ಇರಬಹುದಿತ್ತು. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗಲಿತು. ಅಲ್ಲಿನ ಸರ್ಕಾರಿ ತನಿಖೆ ಬೆರಳು ತೋರಿಸಿದ್ದು ಬಚ್ಚಲ ನೆಲದ ಒಣಗಿದ ಟ್ರ್ಯಾಪುಗಳತ್ತ. ಜನ ನೆಲವನ್ನು ನೀರು ಹುಯ್ದು ತೊಳೆಯದೆ ಒರೆಸುತ್ತಿದ್ದರು. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಅದು ಪೈಪಿನ ಸೋಂಕಿನ ಹನಿಗಳನ್ನು ಮನೆಯೊಳಗೆ ಎಳೆದುಕೊಂಡಿತು ಎಂದಿತು ಆ ತನಿಖೆ.

ನಮ್ಮಲ್ಲಿ ಇನ್ನೊಂದು ಚಾಳಿಯಿದೆ. ನೀರು ಬೇಗ ಇಳಿಯಲಿ ಎಂದು ಜಾಲರಿಯಡಿಯ ಕಪ್ಪನ್ನು ಕಿತ್ತು ಕಿಟಕಿಯ ಮೇಲಿಡುವುದು, ಅದು ಅಲ್ಲೇ ಧೂಳು ತಿನ್ನುವುದು. ಆ ಕಪ್ಪಿಲ್ಲದೆ ನೀರು ನಿಂತರೂ ಗಾಳಿ ನಿಲ್ಲದು. ಮೊದಲು ಅದನ್ನು ಹುಡುಕಿ ಕೂರಿಸಿ. ಕೂದಲು, ಸೋಪಿನ ಲೋಳೆ ತೆಗೆದು ಬಿಸಿನೀರಲ್ಲಿ ಉಜ್ಜಿ. ಆಮೇಲೂ ನಾರಿದರೆ ಪೈಪು ಬಿರಿದಿರಬಹುದು, ಪ್ಲಂಬರನ್ನು ಕರೆಯಿರಿ.

ಇನ್ನು ಊರಿಗೆ ಹೊರಡುವಾಗ ಗ್ಯಾಸ್ ಆರಿಸಿ, ಬೀಗ ಎಳೆದು ನೋಡುವ ಮೊದಲು ಎರಡೂ ಬಚ್ಚಲಿಗೆ ಒಂದೊಂದು ಚೊಂಬು ನೀರು ಹುಯ್ಯಿರಿ. ಮೇಲೊಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಬೆಂಗಳೂರಿನ ಡಿಸೆಂಬರಿನಲ್ಲಿ ಅದು ಗಟ್ಟಿಯಾಗುತ್ತದೆ.