ಪಟ್ಟದಕಲ್ಲಿನ ಮೊಸರಿನ ಗಡಿಗೆ

ಬಾದಾಮಿಯ ಕೆಂಗಲ್ಲ ಬೆಟ್ಟಗಳನ್ನು ಹಿಂದೆ ಬಿಟ್ಟು ಮೂಡಲಿಗೆ ಸುಮಾರು 22 ಕಿಲೋಮೀಟರು ಸಾಗಿದ ಪ್ರವಾಸಿಗೆ ಮಲಪ್ರಭೆಯ ಎಡದಂಡೆಯ ಮೇಲೆ ಪಟ್ಟದಕಲ್ಲು ಗೋಚರಿಸುತ್ತದೆ. ದಾರಿಯುದ್ದಕ್ಕೂ ಜೋಳದ ಹೊಲಗಳು, ನಡುನಡುವೆ ಸೂರ್ಯಕಾಂತಿ, ನೀರಿದ್ದೆಡೆ ಕಬ್ಬು. ಊರು ಸಮೀಪಿಸಿದಂತೆ ಹಿತ್ತಿಲುಗಳಲ್ಲಿ ಕಣಿಕೆಯ ಬಣವೆಗಳು, ಅವುಗಳ ನೆರಳಿನಲ್ಲಿ ಮೆಲುಕು ಹಾಕುತ್ತ ಮಲಗಿದ ಎಮ್ಮೆಗಳು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಮೂಡಲ ದಿಕ್ಕಿಗೆ ಹರಿದು ಬಂದ ಹೊಳೆಯು ಇಲ್ಲಿ ಬಡಗಣಕ್ಕೆ ಹೊರಳುತ್ತದೆ. ಉತ್ತರವಾಹಿನಿಯಾದ ನದಿಯ ದಡವು ಪುಣ್ಯಭೂಮಿ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಚಾಲುಕ್ಯರು ಪಟ್ಟಾಭಿಷೇಕಕ್ಕೆ ಈ ತಾಣವನ್ನೇ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣವಾಗಿರಬೇಕು.

ಊರಿನ ಹಳೆಯ ಹೆಸರು ಕಿಸುವೊಳಲು, ಅಂದರೆ ಕೆಂಪು ಪಟ್ಟಣ. ಎಂಟನೆಯ ಶತಮಾನದಲ್ಲಿ ಚಾಲುಕ್ಯ ವಿಜಯಾದಿತ್ಯನು ಇಲ್ಲಿ ವಿಜಯೇಶ್ವರನ ಗುಡಿಯನ್ನು ಎತ್ತಿಸಿದನು. ಇಂದು ಅದು ಸಂಗಮೇಶ್ವರನ ಗುಡಿ. ಅವನ ಮಗ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ದೇವಾಲಯ. ಅದರ ಮಗ್ಗುಲಲ್ಲಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವಿದೆ. ದ್ರಾವಿಡ ಶಿಖರಗಳೂ ನಾಗರ ಶಿಖರಗಳೂ ಒಂದೇ ಅಂಗಳದಲ್ಲಿ ಹೀಗೆ ಅಕ್ಕಪಕ್ಕದಲ್ಲಿ ನಿಂತಿರುವ ಸ್ಥಳಗಳು ಭರತಖಂಡದಲ್ಲಿ ವಿರಳ. 1987ರಲ್ಲಿ ಯುನೆಸ್ಕೋ ಸಂಸ್ಥೆಯು ಈ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಂದಿನಿಂದ ದೂರದೇಶಗಳ ಜನರೂ ಈ ಚಿಕ್ಕ ಹಳ್ಳಿಯ ದಾರಿಯನ್ನು ತಿಳಿದುಕೊಂಡಿದ್ದಾರೆ.

ವಿರೂಪಾಕ್ಷನ ಎದುರಿನ ಮಂಟಪದಲ್ಲಿ ಕುಳಿತ ಕರಿಯ ನಂದಿಯನ್ನು ಕಂಡು, ಕಂಬಗಳ ಮೇಲಿನ ರಾಮಾಯಣ ಭಾರತಗಳನ್ನು ಓದಿ, ಬಿಸಿಲಿಗೆ ಬಳಲಿ ಹೊರಬಂದ ಪ್ರವಾಸಿಯನ್ನು ಮತ್ತೊಂದು ನೋಟವು ತಡೆದು ನಿಲ್ಲಿಸುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಮರದ ನೆರಳಿನಲ್ಲಿ ಅವನಿಗಾಗಿಯೇ ಕಾದಿರುತ್ತಾರೆ. ಬುಟ್ಟಿಯಲ್ಲಿ ಅರಿವೆಯಿಂದ ಮುಚ್ಚಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ. ಅದರೊಡನೆ ಅಂಗೈಯಗಲದ ಮಣ್ಣಿನ ಗಡಿಗೆಗಳಲ್ಲಿ ಹೆಪ್ಪುಗಟ್ಟಿದ ಮೊಸರು.

“ರೊಟ್ಟಿ ಮೊಸರು ತಗೋಳ್ರೀ ಅಣ್ಣಾರ, ಎಮ್ಮೀ ಹಾಲಿನ ಮೊಸರ್ರೀ!”

ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಜಾರುವುದಿಲ್ಲವೆಂಬುದು ಅವರ ಹೆಮ್ಮೆ. ಬನಶಂಕರಿಯ ಜಾತ್ರೆಗೆ ಹೋದವರಿಗೆ ಈ ಊಟ ಹೊಸದಲ್ಲ. ಆದರೆ ಈ ಗಡಿಗೆಯ ಹಿಂದೆ ಒಂದು ಸಂಸಾರದ ಲೆಕ್ಕಾಚಾರವೇ ಅಡಗಿದೆಯೆಂಬುದನ್ನು ಉಂಡು ಕೈತೊಳೆದವರು ಸಾಮಾನ್ಯವಾಗಿ ಅರಿಯರು.

ಎಮ್ಮೆಯನ್ನು ಕಟ್ಟಿದ ಮನೆಗೆ ಹಾಲನ್ನು ಹಣವಾಗಿಸುವ ಬಾಗಿಲುಗಳು ಕೆಲವೇ. ಮೊದಲನೆಯದು ಊರಿನೊಳಗಿನ ವರ್ತನೆಯ ಹಾಲು; ಈ ಸೀಮೆಯ ಮಾತಿನಲ್ಲಿ ರತೀಬು. ಎರಡನೆಯದು ಸಹಕಾರಿ ಹಾಲಿನ ಡೇರಿ. ಮೂರನೆಯದು ಮೊಸರು, ಬೆಣ್ಣೆ, ತುಪ್ಪ. ರತೀಬಿನ ಮನೆಗಳು ಹಳ್ಳಿಯಲ್ಲಿ ಹೆಚ್ಚಿಲ್ಲ. ತಮ್ಮದೇ ಹೈನು ಉಳ್ಳವರು ಇನ್ನೊಬ್ಬರ ಹಾಲನ್ನೇಕೆ ಕೊಂಡಾರು? ಆದುದರಿಂದ ದೊಡ್ಡ ಭರವಸೆಯೆಲ್ಲ ಡೇರಿಯ ಮೇಲೆ.

ಕರ್ನಾಟಕದಲ್ಲಿ ಈ ಸಹಕಾರದ ವ್ಯವಸ್ಥೆಯು ವಿಶ್ವಬ್ಯಾಂಕಿನ ನೆರವಿನೊಡನೆ 1974ರ ಸುಮಾರಿಗೆ ಬೇರೂರಿತು. ಗುಜರಾತಿನ ಆಣಂದದಲ್ಲಿ 1946ರಲ್ಲಿ ತೊಡಗಿದ ಪ್ರಯೋಗವೇ ಇದಕ್ಕೆ ಮಾದರಿ. ಹಳ್ಳಿಯಲ್ಲಿ ಉತ್ಪಾದಕರ ಸಂಘ, ಜಿಲ್ಲೆಯ ಮಟ್ಟದಲ್ಲಿ ಒಕ್ಕೂಟ, ಮೇಲೆ ರಾಜ್ಯದ ಮಹಾಮಂಡಳ. 1984ರಿಂದ ಅದಕ್ಕೆ ಕರ್ನಾಟಕ ಹಾಲು ಮಹಾಮಂಡಳವೆಂಬ ಹೆಸರು ಬಂದಿತು. ಅದರ ‘ನಂದಿನಿ’ ಪೊಟ್ಟಣವನ್ನು ಕಾಣದ ಕನ್ನಡಿಗರಿಲ್ಲ. ಬಾಗಲಕೋಟೆಯು 1997ರಲ್ಲಿ ಬೇರೆ ಜಿಲ್ಲೆಯಾದರೂ ಹಾಲಿನ ಮಟ್ಟಿಗೆ ಹಳೆಯ ನಂಟು ಹರಿದಿಲ್ಲ. ವಿಜಯಪುರ ಮತ್ತು ಬಾಗಲಕೋಟೆಗಳಿಗೆ ಒಂದೇ ಒಕ್ಕೂಟವಿದೆ.

ಡೇರಿಯಲ್ಲಿ ಹಾಲಿಗೆ ಬೆಲೆ ಕಟ್ಟುವುದು ಅಳತೆಯೊಂದರಿಂದಲೇ ಅಲ್ಲ, ಗುಣದಿಂದ. ಕೊಬ್ಬಿನ ಅಂಶ ಎಷ್ಟು, ಕೊಬ್ಬು ಕಳೆದ ಉಳಿದ ಘನಾಂಶ ಎಷ್ಟು ಎಂಬುದನ್ನು ಪರೀಕ್ಷಿಸಿ ದರವನ್ನು ಗೊತ್ತುಮಾಡುತ್ತಾರೆ. ಆಕಳ ಹಾಲಿನಲ್ಲಿ ಕೊಬ್ಬು ನೂರಕ್ಕೆ ಮೂರೂವರೆ, ನಾಲ್ಕು ಇದ್ದರೆ ಎಮ್ಮೆಯ ಹಾಲಿನಲ್ಲಿ ಆರು ಏಳು ಇರುವುದುಂಟು. ಸುರಿದ ಹಾಲಿನ ಲೆಕ್ಕ ಚೀಟಿಯಲ್ಲಿ ಬೀಳುತ್ತದೆ. ಗೊತ್ತಾದ ದಿನ ಬಟವಾಡೆ ಆಗುತ್ತದೆ. ಹೊಲದ ಬೆಳೆ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಕಾಸು ತಂದರೆ, ಎಮ್ಮೆಯು ನಿಯಮಿತವಾಗಿ ತರುತ್ತದೆ. ಕಿರಾಣಿಯ ಸಾಲ, ಮಕ್ಕಳ ಶಾಲೆಯ ಖರ್ಚು, ಮುದುಕರ ಔಷಧ ಇವೆಲ್ಲ ನಿಂತಿರುವುದು ಈ ಬಟವಾಡೆಯ ಮೇಲೆ.

ಆ ದರವು ಇಳಿಯುವುದೇಕೆ? ಮೊದಲನೆಯ ಕಾರಣ ಋತುವಿನದು. ಬೇಸಗೆಯಲ್ಲಿ ಮೇವಿಲ್ಲ, ನೀರಿಲ್ಲ, ಕೆಚ್ಚಲು ಬತ್ತುತ್ತದೆ. ಆಗ ಹಾಲಿಗೆ ಬೇಡಿಕೆ ಹೆಚ್ಚು. ಮಳೆ ಬಿದ್ದು ಹಸಿರು ಚಿಗುರಿ ಎಮ್ಮೆಗಳು ಈದ ಮೇಲೆ ಎಲ್ಲ ಮನೆಗಳಲ್ಲಿಯೂ ಒಮ್ಮೆಗೇ ಹಾಲು ಉಕ್ಕುತ್ತದೆ; ಆಗ ಕೊಳ್ಳುವವರು ಸಾಲರು. 2023ರಲ್ಲಿ ರಾಜ್ಯದ ಬಹುಭಾಗವನ್ನು ಬರವು ಕಾಡಿತು. 2024ರಲ್ಲಿ ಮಳೆ ಚೆನ್ನಾಗಿ ಆಯಿತು. ಮಹಾಮಂಡಳಕ್ಕೆ ಬರುವ ಹಾಲು ದಿನಕ್ಕೆ ಒಂದು ಕೋಟಿ ಲೀಟರಿನ ಸಮೀಪಕ್ಕೆ ಏರಿತು. ಹೆಚ್ಚಿದ ಹಾಲನ್ನು ಖರ್ಚುಮಾಡಲು ಆ ವರ್ಷದ ಜೂನ್ ತಿಂಗಳಲ್ಲಿ ಪ್ರತಿ ಪೊಟ್ಟಣಕ್ಕೆ 50 ಮಿಲಿಲೀಟರು ಹಾಲನ್ನು ಕೂಡಿಸಿ 2 ರೂಪಾಯಿ ಬೆಲೆ ಏರಿಸಿದರು. ಅದೇ ವರ್ಷ ರಾಜ್ಯದ ಕೆಲವು ಜಿಲ್ಲಾ ಒಕ್ಕೂಟಗಳು ರೈತರಿಗೆ ಕೊಡುವ ದರವನ್ನು ಒಂದೆರಡು ರೂಪಾಯಿ ಇಳಿಸಿದವು. ಮಳೆ ಬಂದರೆ ಸಾಕೆಂದು ಮುಗಿಲು ನೋಡಿದ ರೈತನಿಗೆ ಮಳೆಯೇ ಬೆಲೆಯನ್ನು ತಗ್ಗಿಸುವ ಸೋಜಿಗ ಇದು.

ಎರಡನೆಯ ಕಾರಣವು ಬಹು ದೂರದ್ದು. ಮಾರಾಟವಾಗದೆ ಉಳಿದ ಹಾಲನ್ನು ಒಕ್ಕೂಟಗಳು ಬೆಣ್ಣೆ ತೆಗೆದು ಪುಡಿ ಮಾಡುತ್ತವೆ. ಒಂದು ಕಿಲೋ ಪುಡಿಗೆ ಹತ್ತು ಹನ್ನೊಂದು ಲೀಟರು ಹಾಲು ಬೇಕು. ಆ ಪುಡಿಯ ಬೆಲೆ ಜಗತ್ತಿನ ಪೇಟೆಯೊಡನೆ ಏಳುತ್ತ ಬೀಳುತ್ತ ಇರುತ್ತದೆ. ಯುರೋಪಿನ ರಾಷ್ಟ್ರಗಳು ಹಾಲಿನ ಉತ್ಪಾದನೆಗೆ ಹಾಕಿಕೊಂಡಿದ್ದ ಮಿತಿಯನ್ನು 2015ರ ಮಾರ್ಚ್ ಕೊನೆಗೆ ತೆಗೆದುಹಾಕಿದವು. ಅಲ್ಲಿ ಹಾಲು ಹೆಚ್ಚಾಯಿತು, ಬೆಲೆ ಕುಸಿಯಿತು. ಸರ್ಕಾರಿ ಉಗ್ರಾಣಗಳಲ್ಲಿ ಪುಡಿಯ ಸಂಗ್ರಹವು ಮೂರೂವರೆ ಲಕ್ಷ ಟನ್ನನ್ನೂ ಮೀರಿತು. ಆಗ ಭಾರತದ ಪುಡಿಗೆ ಹೊರಗೆ ಗಿರಾಕಿ ಸಿಗಲಿಲ್ಲ. ದಾಸ್ತಾನು ಇಲ್ಲಿಯೇ ಉಳಿಯಿತು. ಅದರ ಪೆಟ್ಟು ಮೊದಲು ತಾಗಿದ್ದು ನೆರೆಯ ಮಹಾರಾಷ್ಟ್ರಕ್ಕೆ. 2018ರ ಜುಲೈಯಲ್ಲಿ ಅಲ್ಲಿಯ ರೈತರು ನಗರಗಳಿಗೆ ಹೋಗುವ ಹಾಲನ್ನು ತಡೆದು ನಿಂತರು. ಲೀಟರಿಗೆ 25 ರೂಪಾಯಿ ಕೊಡುವ ಭರವಸೆ ದೊರೆತ ಮೇಲೆ ಹಿಂದೆ ಸರಿದರು. ಯುರೋಪಿನ ಉಗ್ರಾಣವನ್ನು ಮಲಪ್ರಭೆಯ ದಂಡೆಯ ಎಮ್ಮೆ ಕಂಡಿಲ್ಲ. ಆದರೂ ಅದರ ಹಾಲಿನ ಬೆಲೆಯಲ್ಲಿ ಆ ಉಗ್ರಾಣದ ಭಾರವೂ ಸೇರಿರುತ್ತದೆ.

ಒಂದೆರಡು ರೂಪಾಯಿ ಇಳಿದರೆ ಏನಾದೀತು ಎಂದು ಪಟ್ಟಣವಾಸಿ ಕೇಳಬಹುದು. ಎರಡು ಎಮ್ಮೆಗಳ ಮನೆ, ದಿನಕ್ಕೆ 8 ಲೀಟರು ಹಾಲು ಎಂದು ಇಟ್ಟುಕೊಳ್ಳೋಣ. ಲೀಟರಿಗೆ 2 ರೂಪಾಯಿ ಇಳಿದರೆ ದಿನಕ್ಕೆ 16, ತಿಂಗಳಿಗೆ 480 ರೂಪಾಯಿ ಖೋತಾ. ಆದರೆ ಹಿಂಡಿಯ ಬೆಲೆ ಅದರೊಡನೆ ಇಳಿಯುವುದಿಲ್ಲ. ಎಮ್ಮೆಯ ಹಸಿವೂ ಇಳಿಯುವುದಿಲ್ಲ. ಖರ್ಚು ಹೋಗಿ ಉಳಿಯುವುದೇ ಸ್ವಲ್ಪವಾದಾಗ, ಇಳಿದ ರೂಪಾಯಿಯು ಖರ್ಚಿನಿಂದ ಹೋಗದೆ ಆ ಉಳಿಕೆಯಿಂದಲೇ ಹೋಗುತ್ತದೆ. ಖರ್ಚು ತಗ್ಗಿಸಲೆಂದು ಹಿಂಡಿಯನ್ನು ಕಡಿಮೆ ಮಾಡಿದರೆ ಹಾಲೂ ಕಡಿಮೆ, ಕೊಬ್ಬೂ ಕಡಿಮೆ. ಇಳಿದ ದರದ ಮೇಲೆ ಇನ್ನಷ್ಟು ಇಳಿಕೆ. ನೇಕಾರನು ಬೆಲೆ ಬಿದ್ದಾಗ ಮಗ್ಗವನ್ನು ನಾಲ್ಕು ದಿನ ನಿಲ್ಲಿಸಿಯಾನು. ಇಳಕಲ್ಲಿನ ಸೀರೆಯನ್ನು ಮಡಿಸಿಟ್ಟು ಒಳ್ಳೆಯ ದಿನಕ್ಕಾಗಿ ಕಾದಾನು. ಎಮ್ಮೆಯನ್ನು ಹಿಂಡದೆ ನಿಲ್ಲಿಸುವಂತಿಲ್ಲ. ಹಿಂಡಿದ ಹಾಲನ್ನು ಮಡಿಸಿ ಇಡುವಂತಿಲ್ಲ. ಕಾಯಲಾರದ ಸರಕನ್ನು ಹಿಡಿದವನಿಗೆ ಪೇಟೆಯಲ್ಲಿ ಬಲವಿಲ್ಲ.

ಮೊಸರಿನ ಗಡಿಗೆಯ ಅರ್ಥ ಇಲ್ಲಿ ತಿಳಿಯುತ್ತದೆ. ಹೆಪ್ಪು ಹಾಕಿದ ಹಾಲಿಗೆ ಒಂದೆರಡು ದಿನದ ಆಯುಸ್ಸು ಹೆಚ್ಚುತ್ತದೆ. ಬೆಣ್ಣೆಯಾದರೆ ವಾರ, ಕಾಸಿದ ತುಪ್ಪವಾದರೆ ತಿಂಗಳುಗಳು. ಧಾರವಾಡದ ಪೇಡೆಯೂ ಬೆಳಗಾವಿಯ ಕುಂದಾವೂ ಹಾಲಿನ ಆಯುಸ್ಸನ್ನು ಬೆಳೆಸಿ ಬೆಲೆಯನ್ನು ಏರಿಸಿದ ಉಪಾಯಗಳೇ. ಡೇರಿಯಲ್ಲಿ ದರವನ್ನು ಹೇಳುವವರು ಬೇರೆಯವರು. ಗಡಿಗೆಯ ದರವನ್ನು ಹೇಳುವವಳು ಬುಟ್ಟಿ ಹೊತ್ತವಳು. ಗಿರಾಕಿಯೊಡನೆ ಚೌಕಾಸಿ ನಡೆದರೂ ಮೊದಲ ಮಾತು ಅವಳದು. ಹಾಲು, ಜೋಳ, ಶೇಂಗಾ, ಕೈಯ ಕಸಬು ಎಲ್ಲವೂ ಮನೆಯದೇ ಆದುದರಿಂದ ಬಂದ ಹಣದ ಬಹುಪಾಲು ಮನೆಯಲ್ಲೇ ಉಳಿಯುತ್ತದೆ.

ಹಾಗೆಂದು ಎಲ್ಲರೂ ಬುಟ್ಟಿ ಹೊತ್ತರೆ ಕಷ್ಟ ತೀರೀತೆ? ಅದೂ ನಿಜವಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ದೇವಾಲಯಗಳ ಅಂಗಳಕ್ಕೇ ನುಗ್ಗಿತು. ಶಿಖರಗಳು ನೀರಿನ ನಡುವೆ ನಿಂತ ಚಿತ್ರಗಳನ್ನು ನಾಡೆಲ್ಲ ಕಂಡಿತು. ಅದರ ಬೆನ್ನಿಗೇ 2020ರ ಮಾರ್ಚ್ 17ರಂದು ಕೊರೋನಾ ರೋಗದ ದೆಸೆಯಿಂದ ದೇಶದ ಸಂರಕ್ಷಿತ ಸ್ಮಾರಕಗಳನ್ನೆಲ್ಲ ಮುಚ್ಚಲಾಯಿತು. ಪ್ರವಾಸಿಯಿಲ್ಲದ ಪಟ್ಟದಕಲ್ಲಿನಲ್ಲಿ ಗಡಿಗೆಯನ್ನು ಕೊಳ್ಳುವವರು ಯಾರು? ಹೋಟೆಲು, ಮದುವೆ, ಮಿಠಾಯಿ ಅಂಗಡಿಗಳೆಲ್ಲ ನಿಂತ ಆ ದಿನಗಳಲ್ಲಿಯೂ ಒಕ್ಕೂಟಗಳು ಹಾಲು ಸಂಗ್ರಹಿಸುವುದನ್ನು ಬಿಡಲಿಲ್ಲ. ಮಾರಾಟವಾಗದೆ ಮಿಕ್ಕ ಹಾಲನ್ನು ಸರ್ಕಾರವು ಏಪ್ರಿಲಿನಲ್ಲಿ ನಗರಗಳ ಬಡವರ ಕೇರಿಗಳಲ್ಲಿ ಉಚಿತವಾಗಿ ಹಂಚಿತು. ಸಹಕಾರದ ಹಿರಿಮೆ ಕಾಣುವುದು ಇಂಥ ಆಪತ್ಕಾಲದಲ್ಲಿ. ಅದು ಕೊಡುವ ಬೆಲೆ ಕಡಿಮೆಯಾಗಬಹುದು. ಆದರೆ ಬಾಗಿಲು ಮುಚ್ಚುವುದಿಲ್ಲ.

ರಾಜ್ಯ ಸರ್ಕಾರವು 2008ರಿಂದ ಸಂಘಗಳಿಗೆ ಹಾಲು ಹಾಕುವವರಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡತೊಡಗಿತು. 2013ರಲ್ಲಿ ಅದು 4 ರೂಪಾಯಿ ಆಯಿತು, 2016ರಲ್ಲಿ 5. ಅದೇ 2013ರಲ್ಲಿ ಕ್ಷೀರಭಾಗ್ಯವೆಂಬ ಹೆಸರಿನಿಂದ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಯೋಜನೆ ಬಂದಿತು. ಮಕ್ಕಳಿಗೆ ಪುಷ್ಟಿ, ಪುಡಿಯ ದಾಸ್ತಾನಿಗೆ ದಾರಿ. 2025ರ ಏಪ್ರಿಲ್ 1ರಂದು ಹಾಲಿನ ಬೆಲೆಯನ್ನು ಲೀಟರಿಗೆ 4 ರೂಪಾಯಿ ಏರಿಸಿ, ಆ ಹೆಚ್ಚಳವು ರೈತರಿಗೆ ಸೇರುವುದೆಂದು ಘೋಷಿಸಿದರು. ಇವೆಲ್ಲ ಒಳ್ಳೆಯವೇ. ಆದರೆ ಪ್ರೋತ್ಸಾಹಧನವು ತಿಂಗಳುಗಟ್ಟಲೆ ಬಾಕಿ ಉಳಿದ ಕಾಲವೂ ಉಂಟು. ಎಮ್ಮೆಯು ಬಾಕಿಯ ಮೇಲೆ ಮೇಯುವುದಿಲ್ಲ.

ಇವುಗಳ ನಡುವೆ ಈ ಸೀಮೆಯ ರೈತರು ಹಿಡಿದ ದಾರಿಯು ಹಿರಿಯರು ತೋರಿಸಿದ್ದೇ ಆಗಿದೆ. ಜೋಳವನ್ನು ಕಾಳಿಗಾಗಿ ಎಷ್ಟೋ ಅಷ್ಟೇ ಕಣಿಕೆಗಾಗಿಯೂ ಬಿತ್ತುವುದು. ಶೇಂಗಾದ ಹೊಟ್ಟನ್ನು ಒಕ್ಕಿ ಕೂಡಿಡುವುದು. ಕಬ್ಬು ಕಡಿಯುವ ಕಾಲಕ್ಕೆ ಅದರ ತುದಿಯ ಎಲೆಯನ್ನು ಹೊತ್ತು ತಂದು ಹಾಕುವುದು. ಮೇವು ಮನೆಯದಾದರೆ ದರ ಇಳಿದಾಗ ತಾಳುವ ಶಕ್ತಿ ಇರುತ್ತದೆ. ಮೇವನ್ನೂ ಕೊಳ್ಳುವವನು ಮೊದಲ ಪೆಟ್ಟಿಗೇ ಎಮ್ಮೆಯನ್ನು ಸಂತೆಗೆ ಹೊಡೆಯುತ್ತಾನೆ. ಎಲ್ಲರೂ ಮಾರುವ ಕಾಲಕ್ಕೆ ಸಂತೆಯಲ್ಲಿ ಎಮ್ಮೆಗೂ ಬೆಲೆಯಿರದು. ಮುಂದೆ ದರ ಏರಿದಾಗ ಕೊಟ್ಟಿಗೆ ಬರಿದು. ಕೃಷ್ಣಾ, ಘಟಪ್ರಭಾ, ಮಲಪ್ರಭೆಗಳ ಕಪ್ಪು ನೆಲಕ್ಕೆಂದೇ ಬೆಳೆಸಿದ ಕೃಷ್ಣಾ ಕಣಿವೆಯ ತಳಿಯ ದನಗಳು ಇಂದು ವಿರಳವಾಗಿರುವುದನ್ನು ಕಂಡರೆ, ಕೊಟ್ಟಿಗೆಯಿಂದ ಒಮ್ಮೆ ಹೋದದ್ದು ಮರಳಿ ಬರುವುದು ಎಷ್ಟು ಕಷ್ಟವೆಂಬುದು ತಿಳಿಯುತ್ತದೆ.

ಆದುದರಿಂದಲೇ ವಿವೇಕಿಯಾದ ಗೃಹಿಣಿಯು ಎರಡು ಬಾಗಿಲುಗಳನ್ನೂ ತೆರೆದಿಡುತ್ತಾಳೆ. ಮುಂಜಾನೆಯ ಹಾಲು ಡೇರಿಗೆ. ಸಂಜೆಯದರಲ್ಲಿ ಮನೆಯ ಮಕ್ಕಳಿಗೆ ಕೊಟ್ಟು ಉಳಿದದ್ದು ಗಡಿಗೆಗೆ. ಪ್ರವಾಸಿಗಳು ಬರುವ ಚಳಿಗಾಲದಲ್ಲಿ ಗಡಿಗೆ ಹೆಚ್ಚು, ಬಾರದ ಮಳೆಗಾಲದಲ್ಲಿ ಡೇರಿಯ ಪಾಲು ಹೆಚ್ಚು. ಬೆಲೆಯ ಗಾಳಿ ಎತ್ತ ಬೀಸಿದರೂ ಒಂದು ಬಾಗಿಲಾದರೂ ತೆರೆದಿರಲೆಂಬುದು ಅವಳ ನೀತಿ. ಸರ್ಕಾರವಾಗಲಿ ಒಕ್ಕೂಟವಾಗಲಿ ಮಾಡಬೇಕಾದುದು ಅವಳ ಎರಡು ಬಾಗಿಲುಗಳನ್ನೂ ಅಗಲಮಾಡುವ ಕೆಲಸ: ಡೇರಿಯ ದರದಲ್ಲಿ ಸ್ಥಿರತೆ, ಪ್ರೋತ್ಸಾಹಧನದಲ್ಲಿ ಕಾಲನಿಯಮ, ಗುಡಿಯ ಮುಂದೆ ಮೊಸರು ಮಾರಲು ನೆರಳುಳ್ಳ ಒಂದು ಕಟ್ಟೆ.

ಹೊತ್ತು ಇಳಿದು ಕೆಂಗಲ್ಲಿನ ಗೋಡೆಗಳು ಇನ್ನಷ್ಟು ಕೆಂಪಾಗುವ ವೇಳೆಗೆ ಹೊಳೆಯ ದಂಡೆಯಿಂದ ಎಮ್ಮೆಗಳು ಮನೆಯ ಕಡೆ ತಿರುಗುತ್ತವೆ. ಬುಟ್ಟಿಯಲ್ಲಿ ಉಳಿದ ಎರಡು ಗಡಿಗೆಗಳನ್ನು ಸೆರಗಿನಿಂದ ಮುಚ್ಚಿ ಹೆಂಗಸರೂ ಅವಸರದಿಂದ ಏಳುತ್ತಾರೆ. ಹಿಂಡುವ ಹೊತ್ತಾಯಿತು. ಇಂದಿನ ದರ ಏನಿದ್ದರೂ ಹಾಲು ಇಂದೇ ಬರುತ್ತದೆ.